ಮಹಾಪಲಾಯನದ ಜೊತೆ ಎರಡು ವಾರ

5 ಮೇ 2024, ಭಾನುವಾರ

ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೈದರಾಬಾದಿನ ಅಬಿಡ್ಸ್‌ಗೆ ಹೋಗಿದ್ದೆ. ಫುಟ್‌ಪಾತಿನ ಹಳೇ ಪುಸ್ತಕಗಳಲ್ಲಿ ಅವಳಿಗೆ ಗ್ಯಾರಿ ಪಾಲ್ಸನ್‌ನ ‘ಹ್ಯಾಚೆಟ್’ ಸಿಕ್ಕಿತು. ವಿಮಾನ ಬಿದ್ದು ಕೆನಡಾದ ಕಾಡಿನಲ್ಲಿ ಒಂಟಿಯಾದ ಹದಿಮೂರು ವರ್ಷದ ಹುಡುಗ, ಕೈಯಲ್ಲಿ ಒಂದು ಪುಟ್ಟ ಕೊಡಲಿ, ಐವತ್ನಾಲ್ಕು ದಿನ. ರಾತ್ರಿಯೊಳಗೆ ಓದಿ ಮುಗಿಸಿ ಕೇಳಿದಳು: “ಕನ್ನಡದಾಗ ಇಂಥಾದ್ದು ಇಲ್ಲೇನಮ್ಮ?” ಕಲಬುರ್ಗಿಯಿಂದ ತಂದಿದ್ದ ಪುಸ್ತಕಗಳ ನಡುವಿನಿಂದ ‘ಮಹಾಪಲಾಯನ’ ತೆಗೆದುಕೊಟ್ಟೆ. ಸ್ಲಾವೊಮಿರ್ ರಾವಿಸ್ಝ್ ಎಂಬ ಪೋಲಿಷ್ ಸೈನಿಕನ ಹೆಸರಿನಲ್ಲಿ 1956ರಲ್ಲಿ ಬಂದ ‘ದಿ ಲಾಂಗ್ ವಾಕ್’ ಅನ್ನು ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದದ್ದು. ಪಿಯುಸಿಯಲ್ಲಿದ್ದಾಗ ಒಂದೇ ರಾತ್ರಿಯಲ್ಲಿ ಓದಿದ್ದೆ. ಈಗ ಅವಳ ಜೊತೆ ಮತ್ತೆ ಓದಬೇಕು.

9 ಮೇ, ಗುರುವಾರ

ಮಗಳ ಕನ್ನಡ ಓದು ನಿಧಾನ. ಆದರೂ ಸೈಬೀರಿಯಾದ ಶಿಬಿರದಿಂದ ಏಳು ಮಂದಿ ತಪ್ಪಿಸಿಕೊಳ್ಳುವ ಭಾಗಕ್ಕೆ ಬಂದಾಗ ಊಟಕ್ಕೆ ಕರೆದರೂ ಏಳಲಿಲ್ಲ. ಈ ಪುಸ್ತಕದ ಶಕ್ತಿ ಇಲ್ಲೇ ಇದೆ. ಧೈರ್ಯದ ಬಗ್ಗೆ ಭಾಷಣವಿಲ್ಲ. ಕಾಲಿಗೆ ಏನು ಸುತ್ತಿಕೊಳ್ಳಬೇಕು, ಬೆಂಕಿ ಹೇಗೆ ಹಚ್ಚಬೇಕು, ಇದ್ದಷ್ಟು ರೊಟ್ಟಿಯನ್ನು ಎಷ್ಟು ದಿನಕ್ಕೆ ಹಂಚಬೇಕು ಎನ್ನುವುದೇ ಕಥೆ. ಶಿಬಿರಾಧಿಕಾರಿಯ ಹೆಂಡತಿಯೇ ಕೈದಿಗೆ ನೆರವಾಗುವ ಪ್ರಸಂಗವಂತೂ ಈ ಸಲವೂ ಮನಸ್ಸನ್ನು ಹಿಡಿದಿಟ್ಟಿತು. ಶತ್ರುವಿನ ಮನೆಯಲ್ಲೂ ದಯೆ ಇರುತ್ತದೆ ಎಂಬುದನ್ನು ಹದಿನೈದರ ಮಗು ಕಥೆಯಿಂದಲೇ ಕಲಿಯುವುದು ಒಳ್ಳೆಯದು. ತೇಜಸ್ವಿಯವರ ಕನ್ನಡ ಎಲ್ಲೂ ನಿಲ್ಲುವುದಿಲ್ಲ, ನಡೆಯುವವರ ಜೊತೆಗೇ ನಡೆಯುತ್ತದೆ.

12 ಮೇ, ಭಾನುವಾರ

ಗೋಬಿ ಮರುಭೂಮಿ. ನೀರಿಲ್ಲದ ದಿನಗಳು, ಹಾವು ಹಿಡಿದು ತಿನ್ನುವುದು, ಕ್ರಿಸ್ಟಿನಾಳ ಸಾವು. ದಾರಿಯಲ್ಲಿ ಜೊತೆಯಾದ ಹದಿಹರೆಯದ ಆ ಹುಡುಗಿ ಸತ್ತಾಗ ಮಗಳು ಪುಸ್ತಕ ಮುಚ್ಚಿಟ್ಟಳು. ಸಂಜೆ ಕಾಚಿಗುಡದಿಂದ ನಡೆದು ಬರುವಾಗ ರಸ್ತೆ ಬದಿಯ ಚಲಿವೇಂದ್ರದಲ್ಲಿ, ಅಂದರೆ ಅರವಟ್ಟಿಗೆಯಲ್ಲಿ, ನಿಂತಳು. ಒದ್ದೆ ಗೋಣಿಚೀಲ ಸುತ್ತಿದ ಮಡಕೆ. ಒಂದು ಲೋಟ ನೀರು ಇಸಿದುಕೊಂಡಳು. ಗಟಗಟ ಕುಡಿಯಲಿಲ್ಲ, ಗುಟುಕು ಗುಟುಕಾಗಿ ಕುಡಿದು ತಳದ ಹನಿಯನ್ನೂ ಬಿಡದೆ ಲೋಟ ವಾಪಸ್ ಕೊಟ್ಟಳು. ಮಾತಾಡಲಿಲ್ಲ. ಒಂದು ಪುಸ್ತಕ ಇಷ್ಟು ಮಾಡಿದರೆ ಸಾಕು ಅನ್ನಿಸಿತು.

15 ಮೇ, ಬುಧವಾರ

ಓದಿ ಮುಗಿಯಿತು. ನಾಲ್ವರು ಭಾರತ ತಲುಪಿದರು. ಮಗಳ ದೂರು: “ಹ್ಯಾಚೆಟ್‌ದಾಗ ಆ ಹುಡುಗನ ಮನಸ್ಸು ಗೊತ್ತಾಗತದ. ಇಲ್ಲಿ ಇವರು ಯಾರಂತ ಗೊತ್ತೇ ಆಗಂಗಿಲ್ಲ.” ನಿಜ. ಏಳು ಮಂದಿಯಲ್ಲೊಬ್ಬನಾದ ಅಮೆರಿಕದ ಸ್ಮಿತ್ ಕೊನೆಯವರೆಗೂ ಬರೀ ಸ್ಮಿತ್ತೇ. ಕ್ರಿಸ್ಟಿನಾ ಎಲ್ಲರ ತಂಗಿಯಾಗುತ್ತಾಳೆ, ಆದರೆ ಅವಳಿಗೆ ತನ್ನದೇ ಆದ ಮಾತು ಕಡಿಮೆ. ಗೋಬಿ ಮುಗಿದ ಮೇಲೆ ಹಿಮಾಲಯವನ್ನು ಅವಸರದಲ್ಲಿ ದಾಟಿಸಲಾಗಿದೆ. ಅಲ್ಲಿ ಕಾಣಿಸಿಕೊಳ್ಳುವ ಇಬ್ಬರು ವಿಚಿತ್ರ ಹಿಮಮಾನವರು ಅಷ್ಟು ಹೊತ್ತು ನಂಬಿಕೊಂಡು ಬಂದ ಕಥೆಯನ್ನೇ ಅಲ್ಲಾಡಿಸುತ್ತಾರೆ. ಬದುಕಿ ಬಂದವರ ಮುಂದಿನ ಬದುಕು ಏನಾಯಿತು ಎನ್ನುವುದಕ್ಕೆ ಪುಸ್ತಕದಲ್ಲಿ ಜಾಗವೇ ಇಲ್ಲ.

18 ಮೇ, ಶನಿವಾರ

“ಇದು ಖರೇನೇನಮ್ಮ?” ಎಂಬ ಪ್ರಶ್ನೆ ಬಂದೇ ಬಂತು. ಮುಚ್ಚಿಡಲಿಲ್ಲ. ಪುಸ್ತಕ ಬಂದಾಗಲೇ ಪೀಟರ್ ಫ್ಲೆಮಿಂಗ್‌ನಂಥ ಪ್ರವಾಸಿಗರು ಅನುಮಾನಪಟ್ಟಿದ್ದರು. 2006ರಲ್ಲಿ ಬಿಬಿಸಿ ಹೊರತಂದ ದಾಖಲೆಗಳ ಪ್ರಕಾರ ರಾವಿಸ್ಝ್ ಓಡಿಹೋಗಿರಲಿಲ್ಲ. ಪೋಲಿಷ್ ಕೈದಿಗಳಿಗೆ ಕೊಟ್ಟ ಕ್ಷಮಾದಾನದಲ್ಲಿ 1942ರಲ್ಲಿ ಬಿಡುಗಡೆಯಾಗಿ ಇರಾನಿಗೆ ಹೋಗಿದ್ದ. ಮಗಳ ಮುಖ ಸಣ್ಣಗಾಯಿತು. “ಹಂಗಾದ್ರ ಎಲ್ಲಾ ಸುಳ್ಳು?”

ಸೈಬೀರಿಯಾ ಸುಳ್ಳಲ್ಲ ಅಂದೆ. ಲಕ್ಷಾಂತರ ಪೋಲಿಷ್ ಜನರನ್ನು ಸ್ಟಾಲಿನ್ ಸರ್ಕಾರ ಗಡೀಪಾರು ಮಾಡಿದ್ದು ಸುಳ್ಳಲ್ಲ. ಅವರಲ್ಲಿ ಕೆಲವರು ಭಾರತಕ್ಕೆ ಬಂದದ್ದೂ ಸುಳ್ಳಲ್ಲ. ನವಾನಗರದ ಜಾಮ್‌ಸಾಹೇಬ ದಿಗ್ವಿಜಯಸಿಂಹಜಿ 1942ರಲ್ಲಿ ಬಾಲಾಚಡಿಯಲ್ಲಿ ಪೋಲಿಷ್ ಅನಾಥ ಮಕ್ಕಳಿಗೆ ಮನೆ ಕಟ್ಟಿಸಿದರು. 1943ರಿಂದ ಕೊಲ್ಹಾಪುರದ ಪಕ್ಕದ ವಳಿವಡೆಯಲ್ಲಿ ಸುಮಾರು ಐದು ಸಾವಿರ ಪೋಲಿಷ್ ನಿರಾಶ್ರಿತರಿದ್ದರು. ಹೆಚ್ಚಿನವರು ಹೆಂಗಸರು, ಮಕ್ಕಳು. “ನಾವು ಹೋಗಿದ್ದೆವಲ್ಲ, ಆ ಮಹಾಲಕ್ಷ್ಮಿ ಗುಡಿ ಕೊಲ್ಹಾಪುರಾನಾ?” ಅಂದಳು. ಹೌದು, ಅದೇ. ನಮ್ಮ ಬೆಳಗಾವಿ ಗಡಿಯಿಂದ ಅಷ್ಟು ಹತ್ತಿರ.

19 ಮೇ, ಭಾನುವಾರ

ನನ್ನ ತೀರ್ಮಾನ ಬರೆದಿಡುತ್ತೇನೆ. ‘ಮಹಾಪಲಾಯನ’ವನ್ನು ಮಕ್ಕಳಿಗೆ ಕೊಡಬೇಕು, ಆದರೆ ಕಾದಂಬರಿ ಎಂದು ಹೇಳಿ ಕೊಡಬೇಕು. ಹಸಿವು, ಬಾಯಾರಿಕೆ, ಜೊತೆಗಾರರ ಹೆಗಲು ಇವನ್ನು ಅದು ಕೊಡುವಷ್ಟು ಗಟ್ಟಿಯಾಗಿ ಎಳೆಯರಿಗೆ ಕೊಡುವ ಪುಸ್ತಕಗಳು ಕನ್ನಡದಲ್ಲಿ ಕಡಿಮೆ. ಅದರ ದೊಡ್ಡ ದೋಷ ಕಥೆಯದ್ದಲ್ಲ, ‘ಇದು ನಡೆದದ್ದು’ ಎಂಬ ಮುದ್ರೆಯದ್ದು. ಆ ಮುದ್ರೆ ತೆಗೆದಿಟ್ಟು, ಪಕ್ಕದಲ್ಲಿ ವಳಿವಡೆಯ ಮಕ್ಕಳ ಸಂಗತಿಯನ್ನೂ ಹೇಳಿದರೆ ಓದು ಪೂರ್ತಿಯಾಗುತ್ತದೆ. ರಜೆ ಮುಗಿಯುವುದರೊಳಗೆ ಮಗಳನ್ನು ವಳಿವಡೆಗೆ ಕರೆದೊಯ್ಯುತ್ತೇನೆ.