ಗುಮ್ಮನಿಗೆಷ್ಟು ಖರ್ಚು?

ನಮ್ಮೂರು ಗುಂಜಿಯಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಮೊದಲು ಹೋಗುವುದು ಕರೆಂಟು, ಅದರ ಬೆನ್ನಿಗೇ ಮೊಬೈಲಿನ ರೇಂಜು. ಹಂಚಿನ ಮೇಲಿನ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ. ಲೋಂಡಾ ಕಡೆಗೆ ಹೋಗುವ ಗೂಡ್ಸ್ ಗಾಡಿ ಕೂಗಿದರೆ, ಸದ್ಯ ಜಗತ್ತು ಇನ್ನೂ ಇದೆ ಎಂದು ಸಮಾಧಾನ.

ಅಂಥದೊಂದು ರಾತ್ರಿ ಲ್ಯಾಪ್‌ಟಾಪಿನಲ್ಲಿ ‘ತುಂಬಾಡ್’ ಹಾಕಿಕೊಂಡು ಕೂತೆ. ಸರಪಳಿ ಬಿಗಿದು ಮಲಗಿಸಿದ ಮುದುಕಿಗೆ ಊಟ ಉಣಿಸಬೇಕು, ಆಕೆ ಎಚ್ಚರಾಗಬಾರದು. ಉಣಿಸಬೇಕಾದವನು ಒಬ್ಬ ಹುಡುಗ. ಮುದುಕಿ ಕಣ್ಣು ಬಿಡುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಸತ್ತಿತು. ಮುಂದಿನದನ್ನು ಕತ್ತಲಲ್ಲಿ ಕೂತು ನಾನೇ ಹೆಣೆದುಕೊಂಡೆ. ಮರುದಿನ ಉಳಿದ ಸಿನಿಮಾ ನೋಡಿದಾಗ ಅನಿಸಿದ್ದು ಒಂದೇ: ನನ್ನ ಮುದುಕಿಯೇ ಹೆಚ್ಚು ಕೆಟ್ಟವಳಿದ್ದಳು, ಅದೂ ಕಾಸು ಖರ್ಚಿಲ್ಲದೆ!

ಗುಮ್ಮನ ವ್ಯವಹಾರವೇ ಹಾಗೆ. ನಮ್ಮಜ್ಜಿ “ಮಕ್ಕೋ, ಇಲ್ಲಂದ್ರ ಗುಮ್ಮ ಬರ್ತಾನ” ಅನ್ನುತ್ತಿದ್ದಳು. ಓಣಿಯ ಮರಾಠಿ ಮನೆಗಳಲ್ಲಿ ಅವನಿಗೇ ಬಾಗುಲಬುವಾ ಎಂದು ಹೆಸರು. ಅವನ ಕೋರೆ ಎಷ್ಟುದ್ದ, ಬಣ್ಣ ಯಾವುದು, ಯಾರೂ ಹೇಳಲಿಲ್ಲ. ಹೇಳಿದ್ದರೆ ನಾವು ನಿದ್ದೆ ಮಾಡುತ್ತಿರಲಿಲ್ಲ, ಜಗಳ ತೆಗೆಯುತ್ತಿದ್ದೆವು.

ಹಿಂದಿಯಲ್ಲಿ ದೆವ್ವದ ಸಿನಿಮಾ ತೆಗೆಯುತ್ತಿದ್ದ ರಾಮ್ಸೆ ಸಹೋದರರು ಇದಕ್ಕೆ ತದ್ವಿರುದ್ಧ. ‘ಪುರಾನಾ ಮಂದಿರ್’ (1984) ಶುರುವಾಗುತ್ತಲೇ ಸೈತಾನ ಸಾಮ್ರಿ ಮುಖ ತೋರಿಸಿಬಿಡುತ್ತಾನೆ. ಆ ಪಾತ್ರ ಮಾಡಿದ ಅಜಯ್ ಅಗರ್ವಾಲ್ ಇಂಜಿನಿಯರಿಂಗ್ ಓದಿದವರು; ಅವರ ಎತ್ತರವೇ ಅರ್ಧ ಮೇಕಪ್ಪಿನ ಕೆಲಸ ಮಾಡಿತ್ತು. ಅಗ್ಗದ ಸಿನಿಮಾ ಎಂದು ಮೂಗು ಮುರಿಯುವವರು ಮುರಿಯಲಿ, ಸಾಮ್ರಿಯ ಮೇಲೆ ನನಗೆ ಒಂಥರಾ ಪ್ರೀತಿ ಇದೆ. ಆದರೆ ನಿಜ ಹೇಳಬೇಕೆಂದರೆ ಅವನು ಹೆದರಿಸುವುದು ಮೊದಲ ಸಲ ಮಾತ್ರ.

‘ತುಂಬಾಡ್’ ಕಥೆಯ ಪ್ರಯಾಣ ಇನ್ನೂ ಮಜವಾಗಿದೆ. ಅಮೆರಿಕದ ಸ್ಟೀಫನ್ ಕಿಂಗ್ 1984ರಲ್ಲಿ ‘ಗ್ರಾಮಾ’ ಎಂಬ ಸಣ್ಣಕಥೆ ಬರೆದ. ಹಾಸಿಗೆ ಹಿಡಿದ ಅಜ್ಜಿ, ಮನೆಯಲ್ಲಿ ಒಬ್ಬನೇ ಹುಡುಗ, ಅಷ್ಟೆ. ಅದನ್ನು ಮರಾಠಿಯ ನಾರಾಯಣ ಧಾರಪ ‘ಆಜಿ’ಯಾಗಿ ತಮ್ಮ ಮಣ್ಣಿಗೆ ತಂದರು. ಮುಂದೆ 1993ರಲ್ಲಿ ನಾಗಝಿರಾ ಕಾಡಿನಲ್ಲಿ ಗೆಳೆಯನೊಬ್ಬ ಧಾರಪರ ಕಥೆಯನ್ನು ರಾಹಿ ಅನಿಲ್ ಬರ್ವೆ ಎಂಬ ಹುಡುಗನಿಗೆ ಹೇಳಿದ. ಕೇಳಿ ಹೆದರಿದ ಆ ಹುಡುಗನೇ 2018ರಲ್ಲಿ ಸಿನಿಮಾ ಮಾಡಿದ. ಲೋಂಡಾದಲ್ಲಿ ಇಳಿದು ಗಾಡಿ ಬದಲಿಸುವ ಪ್ರಯಾಣಿಕರ ಹಾಗೆ ಅಜ್ಜಿ ಭಾಷೆ ಬದಲಿಸುತ್ತ ಬಂದಳು. ನಡುವೆ ಒಂದು ನಿಲ್ದಾಣ ಬರೀ ಬಾಯಿಮಾತಿನದು, ಅದೂ ಕಾಡಿನೊಳಗೆ. ಅವಳು ದಷ್ಟಪುಷ್ಟವಾದದ್ದು ಅಲ್ಲೇ ಇರಬೇಕು.

ಮುಂಬಯಿಯ ದೊಡ್ಡ ಸಿನಿಮಾಗಳ ಪಕ್ಕ ಇಟ್ಟರೆ ‘ತುಂಬಾಡ್’ಗೆ ಹಾಕಿದ ದುಡ್ಡು ಕಡಿಮೆಯೇ. ಆದರೆ ಮಳೆಯ ವಿಷಯದಲ್ಲಿ ಜಿಪುಣತನ ಮಾಡಲಿಲ್ಲ. ನಿಜವಾದ ಮಳೆಗಾಗಿ ಮಳೆಗಾಲಗಟ್ಟಲೆ ಕಾದರು. ಆ ಮುದುಕಿಯಾಗಿ ನಟಿಸಿದವನು ಯಾರು ಗೊತ್ತೇ? ಮುಂದೆ ನಾಯಕನ ಮಗ ಪಾಂಡುರಂಗನಾಗಿ ಬರುವ ಹುಡುಗ, ಮೊಹಮ್ಮದ್ ಸಮದ್! ಇದು ತಿಳಿದ ಮೇಲೂ ಆ ದೃಶ್ಯದಲ್ಲಿ ಹುಡುಗನನ್ನು ಹುಡುಕಲು ಹೋಗಿ ಸೋತಿದ್ದೇನೆ.

ಮಳೆಗೆ ಕಾಯುವ ಕಷ್ಟ ನಮ್ಮ ಖಾನಾಪುರ ತಾಲ್ಲೂಕಿನಲ್ಲಿಲ್ಲ. ವೇಷಭೂಷಣಕ್ಕೂ ಬರವಿಲ್ಲ. ಭೀಮಗಡ ಕಾಡಿನ ಬಾರಾಪೇಡೆ ಗುಹೆಯಲ್ಲಿ ರಾಟನ್ ಬಾವಲಿ ಇದೆ: ಮೊರದಂಥ ಕಿವಿಗಳು ಮುಖದ ಮೇಲೆ ಮುಂದಕ್ಕೆ ಬಾಗಿರುತ್ತವೆ. 1913ರಲ್ಲಿ ವಿಜ್ಞಾನಿಗಳು ಅದಕ್ಕೆ ಹೆಸರಿಟ್ಟರು. ಬಹುಕಾಲ ಜಗತ್ತಿನಲ್ಲಿ ಈ ಗುಹೆಯೊಂದೇ ಅದರ ವಿಳಾಸವಾಗಿತ್ತು. ಪಾಪ, ಹುಳ ತಿಂದು ಬದುಕುವ ಪ್ರಾಣಿ, ಯಾರನ್ನೂ ಹೆದರಿಸುವ ಉದ್ದೇಶ ಅದಕ್ಕಿಲ್ಲ. ಸಿನಿಮಾದವರಿಗೆ ಈ ಗುಹೆಯ ಬಗ್ಗೆ ನಾನಂತೂ ಬಾಯಿ ಬಿಡುವುದಿಲ್ಲ. ದೀಪ, ಜನರೇಟರು ಹೊತ್ತು ಅಲ್ಲಿಗೆ ನುಗ್ಗಿದರೆ ನಿಜವಾದ ಗುಮ್ಮ ಅವರೇ ಆಗುತ್ತಾರೆ.

‘ತುಂಬಾಡ್’ 2024ರ ಸೆಪ್ಟೆಂಬರಿನಲ್ಲಿ ಮತ್ತೆ ಥಿಯೇಟರಿಗೆ ಬಂದು ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. ನೀವಿನ್ನೂ ನೋಡಿಲ್ಲವಾದರೆ ಮಳೆಗಾಲದಲ್ಲಿ ನಮ್ಮೂರಿಗೆ ಬನ್ನಿ. ಮಾವುಲಿ ದೇವಿಗೆ ಕೈ ಮುಗಿದು ಮನೆಗೆ ಬಂದರೆ ಚಹಾ ಖಂಡಿತ. ಬ್ಯಾಟರಿ ಮಾತ್ರ ಅರ್ಧ ಚಾರ್ಜ್ ಮಾಡಿಕೊಂಡು ಬನ್ನಿ.