ಅಬ್ಬಾರ ಕಣ್ಣು, ಆಕಾಶದ ಕ್ಯಾಮೆರಾ

ಶಿವಾಜಿನಗರದಲ್ಲಿ ನಮ್ಮ ಅಬ್ಬಾ ಅವರದು ಸಣ್ಣ ವೆಲ್ಡಿಂಗ್ ಅಂಗಡಿ. ಗೇಟು, ಕಿಟಕಿ ಗ್ರಿಲ್ ಮಾಡುತ್ತಾರೆ. ದೊಡ್ಡ ಕೆಲಸವಿದ್ದರೆ ಕಪ್ಪು ಗಾಜಿನ ಶೀಲ್ಡ್ ಹಿಡಿಯುತ್ತಾರೆ. ಆದರೆ "ಒಂದೇ ಟಾಕಾ ಅಲ್ಲವಾ" ಎಂದು ಎಷ್ಟೋ ಸಲ ಶೀಲ್ಡ್ ಇಲ್ಲದೆಯೇ ಕಿಡಿ ಹಾರಿಸುತ್ತಾರೆ. ಅಂಥ ರಾತ್ರಿಗಳಲ್ಲಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ ಎಂದು ನಿದ್ದೆಯಿಲ್ಲದೆ ಕೂರುತ್ತಾರೆ. ಅಮ್ಮಿ ಆಲೂಗಡ್ಡೆ ಬಿಲ್ಲೆ ಕತ್ತರಿಸಿ ಕಣ್ಣ ಮೇಲಿಡುತ್ತಾರೆ. ನಾನು ಹೇಳಿದರೆ, "ಇಪ್ಪತ್ತು ವರ್ಷದಿಂದ ಮಾಡ್ತಾ ಇದ್ದೀನಿ ಬೇಟಾ" ಎಂದು ನಗುತ್ತಾರೆ.

ಈ ವರ್ಷ ದ್ವಿತೀಯ ಪಿಯುಸಿಯಲ್ಲಿ ದ್ಯುತಿವಿದ್ಯುತ್ ಪರಿಣಾಮದ ಪಾಠ ಬಂತು. ಲೋಹದ ಮೇಲೆ ಬೆಳಕು ಬಿದ್ದರೆ ಎಲೆಕ್ಟ್ರಾನ್ ಹೊರಬರುತ್ತದೆ ಎಂದು ವಿವರಿಸಿದ ನಮ್ಮ ಭೌತಶಾಸ್ತ್ರದ ಸರ್, "ಇದೇ ತತ್ತ್ವದ ಒಂದು ಉಪಕರಣವನ್ನು ನಮ್ಮ ಪಕ್ಕದಲ್ಲೇ ಜೋಡಿಸಿದ್ದಾರೆ, ಗೊತ್ತಾ?" ಎಂದು ಕೇಳಿದರು. ಕೆ.ಆರ್. ಪುರ ದಾಟಿ ಮುಂದೆ ಹೋದರೆ ಸಿಗುವ ಹೊಸಕೋಟೆಯಲ್ಲಿ ಭಾರತೀಯ ಖಭೌತ ಸಂಸ್ಥೆಯ ಕ್ರೆಸ್ಟ್ ಆವರಣವಿದೆ. ಆಸ್ಟ್ರೋಸ್ಯಾಟ್ ಉಪಗ್ರಹದ ಅತಿನೇರಳೆ ದೂರದರ್ಶಕ ಯುವಿಐಟಿ ಸಿದ್ಧವಾದದ್ದು ಅಲ್ಲಿ. ಅದು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿತು.

ಅದರ ಕ್ಯಾಮೆರಾದಲ್ಲಿ ಇಮೇಜ್ ಇಂಟೆನ್ಸಿಫೈಯರ್ ಎಂಬ ಭಾಗವಿದೆ. ನಕ್ಷತ್ರದಿಂದ ಬಂದ ಒಂದು ಫೋಟಾನ್ ಒಂದು ಎಲೆಕ್ಟ್ರಾನನ್ನು ಹೊರಡಿಸುತ್ತದೆ. ಅದು ಸೂಕ್ಷ್ಮ ರಂಧ್ರಗಳ ಗಾಜಿನ ತಟ್ಟೆಯೊಳಗೆ ಗೋಡೆಗೆ ಬಡಿಯುತ್ತಾ ಒಂದಕ್ಕೆ ಸಾವಿರಾರಾಗಿ, ಕೊನೆಗೆ ಪ್ರತಿದೀಪ್ತ ಪರದೆಯ ಮೇಲೆ ಬೆಳಕಿನ ಚುಕ್ಕೆಯಾಗುತ್ತದೆ. ಇದೆಲ್ಲ ನಡೆಯಲು ಸಾವಿರಾರು ವೋಲ್ಟ್ ಬೇಕು. ಆ ವೋಲ್ಟೇಜ್ ಇರುವಾಗ ಹೆಚ್ಚು ಬೆಳಕು ಬಿದ್ದರೆ ಎಲೆಕ್ಟ್ರಾನ್‌ಗಳ ಪ್ರವಾಹವೇ ಹರಿದು ಕ್ಯಾಮೆರಾದ ಕಣ್ಣು ಶಾಶ್ವತವಾಗಿ ಮಂಕಾಗಬಹುದು.

ಹಾಗಾಗಿ ಅದನ್ನು ನಡೆಸುವವರ ಎಚ್ಚರಿಕೆ ನನಗೆ ಆಶ್ಚರ್ಯ ತಂದಿತು. ಉಡಾವಣೆಯಾಗಿ ಎರಡು ತಿಂಗಳು ದೂರದರ್ಶಕದ ಬಾಗಿಲನ್ನೇ ತೆರೆಯಲಿಲ್ಲ. ಉಪಗ್ರಹದಿಂದ ಹೊರಬರುವ ಆವಿ ಕನ್ನಡಿಗಳ ಮೇಲೆ ಕೂರಬಾರದೆಂದು ಕಾದು, ನವೆಂಬರ್ 30ರಂದು ತೆರೆದರು. ವೀಕ್ಷಣೆ ನಡೆಯುವುದು ಉಪಗ್ರಹ ಭೂಮಿಯ ರಾತ್ರಿ ಬದಿಯಲ್ಲಿದ್ದಾಗ ಮಾತ್ರ. ಯಾವ ಕಡೆ ತಿರುಗಿಸಬೇಕೋ ಅಲ್ಲಿ ಅತಿ ಪ್ರಕಾಶದ ನಕ್ಷತ್ರವಿದೆಯೇ ಎಂದು ಮೊದಲೇ ಪರೀಕ್ಷಿಸುತ್ತಾರೆ. ಆದರೂ ಲೆಕ್ಕ ತಪ್ಪಿದರೆ ಉಪಕರಣವೇ ಗುರುತಿಸಿ ಹೈ ವೋಲ್ಟೇಜ್ ಕಡಿತಗೊಳಿಸುತ್ತದೆ. ಏಕೆಂದರೆ 650 ಕಿ.ಮೀ. ಎತ್ತರಕ್ಕೆ ಮೆಕ್ಯಾನಿಕ್ ಹೋಗಲಾರ. 2018ರಲ್ಲಿ ಅದರ ಸಮೀಪ ಅತಿನೇರಳೆ ಚಾನೆಲ್ ನಿಂತುಹೋಯಿತು. ಅದನ್ನು ಬದಲಿಸಲು ಆಗಲಿಲ್ಲ. ಉಳಿದದ್ದರಿಂದಲೇ ಕೆಲಸ ಮುಂದುವರಿಸಿದರು.

ಅಂದು ಸಂಜೆ ಅಂಗಡಿಗೆ ಹೋಗಿ ಅಬ್ಬಾಗೆ ಇದನ್ನೆಲ್ಲ ಹೇಳಿದೆ. ವೆಲ್ಡಿಂಗ್ ಕಿಡಿಯಲ್ಲೂ ಅದೇ ಅತಿನೇರಳೆ ಕಿರಣವಿದೆ, ಕಣ್ಣು ಸುಡುವುದು ಅದರಿಂದಲೇ ಎಂದೆ. ಅವರು ರಾಡ್ ಕೆಳಗಿಟ್ಟು ಕೇಳಿದರು: "ಅಷ್ಟು ಓದಿದವರೂ ಪ್ರತಿ ಸಲ ಪರೀಕ್ಷೆ ಮಾಡ್ತಾರಾ?"

"ಪ್ರತಿ ಸಲ ಅಬ್ಬಾ. ಒಂದೇ ಸಲ ಅಲ್ಲವಾ ಅಂತ ಬಿಡೋದಿಲ್ಲ. ನಿಮ್ಮ ಕಣ್ಣಿಗೂ ಬದಲಿ ಇಲ್ಲ."

ಅವರು ಉತ್ತರ ಕೊಡಲಿಲ್ಲ. ಗ್ರಿಲ್ಲಿಗೆ ಕೊನೆಯ ಒಂದು ಟಾಕಾ ಬಾಕಿಯಿತ್ತು. ಮೂಲೆಯಲ್ಲಿದ್ದ ಶೀಲ್ಡ್ ತೆಗೆದು, ಗಾಜಿನ ಧೂಳನ್ನು ಅಂಗಿಯಿಂದ ಒರೆಸಿ, ಮುಖಕ್ಕೆ ಹಿಡಿದು, "ಆ ಕಡೆ ತಿರುಗು ಬೇಟಾ" ಎಂದರು. ನಾನು ತಿರುಗಿದೆ. ಆ ರಾತ್ರಿ ನಮ್ಮ ಮನೆಯಲ್ಲಿ ಆಲೂಗಡ್ಡೆ ಸಾಲನ್ನಿಗೆ ಮಾತ್ರ ಬಿತ್ತು.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಇಂಥ ಕೆಲಸ ಮಾಡುವವರಿದ್ದರೆ, ಪಾಠದಲ್ಲಿ ಕಲಿತದ್ದನ್ನು ಪರೀಕ್ಷೆಗೆ ಬರೆಯುವ ಮೊದಲು ಅವರಿಗೆ ಒಮ್ಮೆ ಹೇಳಿ ನೋಡಿ.