ಹುತ್ತವನ್ನು ಎಷ್ಟು ಸಲ ಎತ್ತಿ ನೋಡುವುದು?

ನಮ್ಮ ಮನೆಯಲ್ಲೊಂದು ಹಾವಿದೆ ಎಂದು ಬರೆದರೆ ಮಲೆನಾಡಿನ ನನ್ನ ಬಂಧುಗಳು, ‘ಅದರಲ್ಲೇನು ವಿಶೇಷ, ನಮ್ಮ ಅಟ್ಟದಲ್ಲೂ ಇದೆ’ ಎನ್ನಬಹುದು. ನಾನು ಹೇಳಹೊರಟಿರುವುದು ಅಟ್ಟದ ಕೇರೆಹಾವಿನ ವಿಷಯವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮಗಳ ಮನೆಯಲ್ಲಿ ನನ್ನ 11 ವರ್ಷದ ಮೊಮ್ಮಗ ಗಾಜಿನ ಪೆಟ್ಟಿಗೆಯಲ್ಲಿ ಸಾಕಿರುವ ಹೆಬ್ಬಾವಿನ ವಿಷಯ. 2024ರ ಅಕ್ಟೋಬರ್‌ನಿಂದ 2025ರ ಮಾರ್ಚ್ ಕೊನೆಯವರೆಗೆ ನಾನೂ ನನ್ನಾಕೆಯೂ ಅದರೊಡನೆ ಒಂದೇ ಸೂರಿನಡಿ ಬಾಳಿ ಬಂದೆವು.

ಹೆಬ್ಬಾವೆಂದೊಡನೆ ಮೇಕೆ ನುಂಗುವ ನಮ್ಮ ಕಾಡಿನ ಪ್ರಾಣಿಯನ್ನು ಕಲ್ಪಿಸಿಕೊಳ್ಳಬೇಡಿ. ಇದು ಬಾಲ್ ಪೈಥಾನ್ ಎಂಬ ಜಾತಿ. ಪೂರ್ಣ ಬೆಳೆದರೂ ಸಾಮಾನ್ಯವಾಗಿ ನಾಲ್ಕೈದು ಅಡಿ ಮೀರದು. ಹೆದರಿದಾಗ ತಲೆಯನ್ನು ನಡುವೆ ಹುದುಗಿಸಿಕೊಂಡು ಚೆಂಡಿನಂತೆ ಸುರುಳಿಯಾಗುವುದರಿಂದ ಈ ಹೆಸರು. ತವರು ಪಶ್ಚಿಮ ಮತ್ತು ಮಧ್ಯ ಆಫ್ರಿಕ. ಅಲ್ಲಿ ಇದು ಹಗಲೆಲ್ಲ ಇಲಿ ಹೆಗ್ಗಣಗಳ ಬಿಲಗಳಲ್ಲಿ, ಗೆದ್ದಲು ಕಟ್ಟಿದ ಹುತ್ತಗಳಲ್ಲಿ ಅಡಗಿದ್ದು ಕತ್ತಲಾದ ಮೇಲೆ ಹೊರಬರುತ್ತದೆ. ಹುತ್ತದ ಸಂಗತಿ ಓದಿದಾಗ ನನಗೆ ದೂರದ ನೆಂಟರೊಬ್ಬರು ಸಿಕ್ಕಷ್ಟು ಸಂತೋಷವಾಯಿತು. ಗೆದ್ದಲು ಕಟ್ಟಿದ ಮನೆಗೆ ಹಾವು ಒಡೆಯನಾಗುವ ಗಾದೆಯ ಮಾತು ಆ ಖಂಡದಲ್ಲೂ ನಿಜವೇ ಆಯಿತಲ್ಲ! (ಒಂದು ಎಚ್ಚರಿಕೆ: ನಮ್ಮ ದೇಶದಲ್ಲಿ ನಾಗರವನ್ನೋ ನಮ್ಮ ಹೆಬ್ಬಾವನ್ನೋ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇದನ್ನೋದಿ ಯಾರೂ ಪ್ರಯೋಗಕ್ಕಿಳಿಯಬೇಡಿ.)

ಮೊಮ್ಮಗ ತನ್ನ ಹಾವಿಗೆ ಕೋಕೋ ಎಂದು ಹೆಸರಿಟ್ಟಿದ್ದ. ಪೆಟ್ಟಿಗೆಯ ಒಂದು ತುದಿ 31-32 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗೆ, ಇನ್ನೊಂದು ತುದಿ 25ರಷ್ಟು ತಂಪಾಗಿ. ಎರಡೂ ಕಡೆ ಬೋರಲು ಹಾಕಿದ ಕುಂಡದಂಥ ಒಂದೊಂದು ಗೂಡು, ಅದಕ್ಕೊಂದು ಚಿಕ್ಕ ಬಾಗಿಲು. ಹಾವು ತನ್ನ ಮೈಯ ಶಾಖವನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಬಿಸಿ ಬೇಕಾದಾಗ ಅತ್ತ, ಸಾಕೆನಿಸಿದಾಗ ಇತ್ತ ಸರಿಯುತ್ತದೆ. ಒಂದೇ ಗೂಡಿದ್ದರೆ, ಅಡಗುವುದೋ ಮೈ ಕಾಯಿಸುವುದೋ ಎಂಬ ಸಂದಿಗ್ಧದಲ್ಲಿ ಬಹುಪಾಲು ಹಾವುಗಳು ಅಡಗುವುದನ್ನೇ ಆರಿಸಿಕೊಳ್ಳುತ್ತವೆಯಂತೆ. ಅವಕ್ಕೆ ಮರೆ ಎಂಬುದು ಅಷ್ಟು ಮುಖ್ಯ.

ತೊಂದರೆ ಆರಂಭವಾದದ್ದು ನವೆಂಬರ್‌ನಲ್ಲಿ. ಹತ್ತು ಹನ್ನೆರಡು ದಿನಕ್ಕೊಮ್ಮೆ ಇಲಿ ತಿನ್ನುತ್ತಿದ್ದ ಕೋಕೋ ಉಣ್ಣುವುದನ್ನು ನಿಲ್ಲಿಸಿತು. (ಹೆಪ್ಪುಗಟ್ಟಿಸಿದ ಆ ಇಲಿಗಳಿಗಾಗಿ ಗ್ಯಾರೇಜಿನಲ್ಲಿ ಬೇರೆಯೇ ಒಂದು ಪುಟ್ಟ ಫ್ರೀಜರ್ ಇತ್ತು. ನಾವಿದ್ದ ಆರು ತಿಂಗಳಲ್ಲಿ ನನ್ನಾಕೆ ಗ್ಯಾರೇಜಿಗೆ ಕಾಲಿಡಲಿಲ್ಲ.) ಈ ಜಾತಿಯ ಹಾವುಗಳು, ಅದರಲ್ಲೂ ಗಂಡುಗಳು, ಚಳಿಗಾಲದಲ್ಲಿ ತಿಂಗಳುಗಟ್ಟಲೆ ಉಪವಾಸವಿರುವುದುಂಟು. ಆದರೆ ನೆಮ್ಮದಿ ಕೆಟ್ಟಾಗಲೂ, ಕಾಯಿಲೆ ಬಿದ್ದಾಗಲೂ ಅವು ತಿನ್ನುವುದನ್ನೇ ಬಿಡುತ್ತವೆ. ಯಾವುದು ಯಾವುದೆಂದು ಹೊರಗಿನಿಂದ ತಿಳಿಯುವುದು ಹೇಗೆ?

ಹುಡುಗನಿಗೆ ದಿಗಿಲಾಯಿತು. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಗೂಡನ್ನೆತ್ತಿ ನೋಡುವನು. ಸಂಜೆ ಬಂದು ಚೀಲ ಎಸೆದವನೇ ಮತ್ತೆ ಎತ್ತುವನು. ಗೆಳೆಯರು ಬಂದರೆ ಅವರಿಗೆ ತೋರಿಸಲು ಇನ್ನೊಮ್ಮೆ. ಮಲಗುವ ಮುನ್ನ ಉಸಿರಾಡುತ್ತಿದೆಯೇ ಎಂದು ಮಗದೊಮ್ಮೆ. ಅವನು ಎತ್ತಿದಷ್ಟೂ ಅದು ಬಿಗಿಯಾಗಿ ಸುತ್ತಿಕೊಳ್ಳುವುದು, ಅದು ಸುತ್ತಿಕೊಂಡಷ್ಟೂ ಇವನ ಭಯ ಹೆಚ್ಚುವುದು. ಪ್ರೀತಿಯಿಂದಲೇ ನಡೆಯುತ್ತಿದ್ದ ಹಿಂಸೆ ಅದು. ಮಗಳಿಗೂ ರೇಗಿತು. “ಅಪ್ಪ, ಇದರ ಚಿಂತೇಲಿ ಇವನು ಓದೂ ಇಲ್ಲ, ನಿದ್ದೇನೂ ಇಲ್ಲ. ಯಾರಿಗಾದರೂ ಕೊಟ್ಟುಬಿಡೋಣ,” ಎಂದಳು. ಹುಡುಗ ಆ ರಾತ್ರಿ ಊಟ ಮಾಡಲಿಲ್ಲ. ಮನೆಯಲ್ಲಿ ಉಪವಾಸಿಗಳು ಇಬ್ಬರಾದರು.

ಪಶುವೈದ್ಯೆಯ ಬಳಿ ಹೋದೆವು. ಬಾಯಿ, ಮೂಗು, ಮೈ ಎಲ್ಲ ನೋಡಿ ರೋಗವೇನೂ ಇಲ್ಲವೆಂದರು. ತೂಕ 712 ಗ್ರಾಂ. “ವಾರಕ್ಕೊಮ್ಮೆ ತೂಕ ಬರೆದಿಡಿ. ಶೇಕಡಾ ಹತ್ತರಷ್ಟು ಇಳಿದರೆ ಬನ್ನಿ. ಉಳಿದಂತೆ ಅದನ್ನು ಅದರ ಪಾಡಿಗೆ ಬಿಡಿ,” ಎಂದದ್ದು ಅವರ ಸಲಹೆಯ ಸಾರ. ಆದರೆ ಬಾಲಕನಿಗೆ ‘ಬಿಡಿ’ ಎಂಬುದಕ್ಕಿಂತ ಕಷ್ಟದ ಪಾಠವಿಲ್ಲ.

ಆ ಪಾಠವನ್ನು ಹೇಳಿಕೊಟ್ಟವಳು, ಮೂವತ್ತೈದು ವರ್ಷ ಜೀವಶಾಸ್ತ್ರ ಬೋಧಿಸಿದ ನಾನಲ್ಲ, ನನ್ನಾಕೆ. ಅವಳು ಪೆಟ್ಟಿಗೆಯ ಹತ್ತಿರ ಹೋದವಳಲ್ಲ. ದೂರದಿಂದಲೇ ಒಂದು ಕೈ ಮುಗಿದು ಸಾಗುವವಳು. ಅಂದು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತವರಿನ ನಾಗಬನದ ಕಥೆ ಹೇಳಿದಳು. ತೋಟದ ಮೂಲೆಯ ಆ ಬನದಲ್ಲಿ ಒಂದು ಕಡ್ಡಿಯನ್ನೂ ಮುರಿಯುವಂತಿರಲಿಲ್ಲ. ಗೊತ್ತಾದ ದಿನಗಳಲ್ಲಿ ಹೊರತು ಯಾರೂ ಒಳಗೆ ಕಾಲಿಡುವಂತಿರಲಿಲ್ಲ. “ನಾಗನ ಮನೆಗೆ ದಿನಾ ಹೋಗ್ತಾರೇನೋ ಪುಟ್ಟ? ಹೋಗೋಕೆ ಒಂದು ದಿನ ಅಂತ ಇರುತ್ತೆ,” ಎಂದಳು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ, “ಹಾಗಾದ್ರೆ ಕೋಕೋಗೆ ಶನಿವಾರ, ಅಜ್ಜಿ,” ಎಂದ.

ಬನದ ಭಕ್ತಿಯನ್ನು ವಿಜ್ಞಾನವೆಂದು ಸಾರುವುದು ನನ್ನ ಉದ್ದೇಶವಲ್ಲ. ಪಂಚಮಿಯಂದು ಹುತ್ತಕ್ಕೆ ಹಾಲೆರೆಯುವುದನ್ನು ನಾನು ತರಗತಿಯಲ್ಲಿ ಎಂದೂ ಸಮರ್ಥಿಸಿಲ್ಲ. ಹಾಲು ಹಾವಿನ ಆಹಾರವಲ್ಲ, ಬಿಲಕ್ಕೆ ಸುರಿದ ಹಾಲೂ ಅರಿಶಿನವೂ ಅದಕ್ಕೆ ಉಪದ್ರವವೇ ಸರಿ. ಆದರೆ ವರ್ಷದ ಉಳಿದ ದಿನಗಳಲ್ಲಿ ಅದರ ತಾಣವನ್ನು ಮುಟ್ಟದಿರುವ ಹಿರಿಯರ ಕಟ್ಟಳೆಯಲ್ಲಿ ತಿಳಿವಳಿಕೆಯಿತ್ತು. ಕೋಕೋನ ತವರಿನ ಕಡೆಯೂ ಹೀಗೆಯೇ. ಬೆನಿನ್ ದೇಶದ ವಿದಾ ಎಂಬ ಪಟ್ಟಣದಲ್ಲಿ ಇದೇ ಜಾತಿಯ ಹೆಬ್ಬಾವುಗಳಿಗೊಂದು ದೇವಾಲಯವಿದೆ. ಅಲ್ಲಿಯ ಭಕ್ತರು ಅವುಗಳನ್ನು ಕೊಲ್ಲುವುದಿಲ್ಲ. ಇದನ್ನು ಹೇಳಿದಾಗ ನನ್ನಾಕೆ, “ಮತ್ತೆ ನಾನು ಕೈ ಮುಗಿದದ್ದಕ್ಕೆ ನಕ್ಕಿರಲ್ಲ?” ಎಂದು ಕೇಳಿದಳು.

ಅಂತೂ ಹುಡುಗನೂ ನಾನೂ ಕೂತು ಒಂದು ನೋಟ್‌ಬುಕ್ ತೆರೆದೆವು. ಪ್ರತಿದಿನ ನೀರು ಬದಲಿಸುವುದು, ಶಾಖ ಮತ್ತು ತೇವಾಂಶದ ಅಂಕಿಗಳನ್ನು ಹೊರಗಿನಿಂದಲೇ ಓದಿ ಬರೆಯುವುದು. ಗೂಡಿಗೆ ಕೈ ಹಚ್ಚುವಂತಿಲ್ಲ. ಹೊಲಸು ಕಂಡರೆ ಅಷ್ಟನ್ನೇ ತೆಗೆಯುವುದು. ಎಲ್ಲವನ್ನೂ ಒಮ್ಮೆಗೇ ತೊಳೆದುಬಿಟ್ಟರೆ ಅದರ ಸ್ವಂತ ವಾಸನೆ ಅಳಿದು, ಹಾವಿಗೆ ತನ್ನ ಮನೆಯೇ ಪರಸ್ಥಳವಾಗುತ್ತದೆ. ಗೂಡು ಎತ್ತುವುದು ಶನಿವಾರ ಮಾತ್ರ, ಅದೂ ತೂಕಕ್ಕೆ. ಉಂಡ ಮೇಲೆ 48 ಗಂಟೆ ಮುಟ್ಟುವಂತಿಲ್ಲ. ಪೊರೆ ಬಿಡುವ ಮುನ್ನ ಕಣ್ಣು ನೀಲಿಗಟ್ಟಿ ಮಸುಕಾದಾಗಲೂ ಸುಮ್ಮನೆ ಎತ್ತಿಕೊಳ್ಳುವಂತಿಲ್ಲ, ಆಗ ಅದಕ್ಕೆ ದೃಷ್ಟಿ ಮಂದ.

ಎತ್ತುವುದಕ್ಕೂ ಒಂದು ಕ್ರಮವಿದೆ. ಗೂಡಿನ ಬಾಗಿಲಿನಿಂದ ಕೈ ತೂರಿಸಬಾರದು. ಈ ಹಾವಿನ ತುಟಿಯಂಚಿನಲ್ಲಿ ಶಾಖವನ್ನು ಗ್ರಹಿಸುವ ಕುಳಿಗಳಿವೆ. ಕತ್ತಲ ಬಾಗಿಲಲ್ಲಿ ಬರುವ ಬೆಚ್ಚನೆಯ ಬೆರಳು ಅದಕ್ಕೆ ಇಲಿಯೂ ಆಗಬಹುದು, ಶತ್ರುವೂ ಆಗಬಹುದು. ಗೂಡನ್ನೇ ನೇರವಾಗಿ ಮೇಲಕ್ಕೆತ್ತಿ ಬದಿಗಿಡಬೇಕು. ಸುರುಳಿ ಸುತ್ತಿದ ಕಾಗದದಿಂದ ಮೈಯನ್ನು ಮೆಲ್ಲನೆ ಸೋಕಿಸಿ, ‘ಇದು ಊಟದ ಹೊತ್ತಲ್ಲ’ ಎಂದು ತಿಳಿಸಬೇಕು. ನಾಲಗೆ ಚಾಚಿ ಗಾಳಿಯನ್ನು ಪರೀಕ್ಷಿಸತೊಡಗಿದ ಮೇಲೆ, ತಲೆಯ ಮೇಲಿನಿಂದಲ್ಲ, ಪಕ್ಕದಿಂದ ನಡುಭಾಗದ ಕೆಳಗೆ ಎರಡೂ ಕೈ ಕೊಡಬೇಕು. ಮರಳಿ ಬಿಡುವಾಗ ಅದರ ಮೇಲೆ ಗೂಡನ್ನು ಕವುಚದೆ, ಬಾಗಿಲ ಮುಂದೆ ಬಿಟ್ಟು ತಾನಾಗಿ ಒಳಸೇರಲು ಬಿಡಬೇಕು. ‘ಹಾವೂ ಸಾಯಬಾರದು, ಕೋಲೂ ಮುರಿಯಬಾರದು’ ಎಂಬ ಗಾದೆಗೆ ಕೋಲೇ ಇಲ್ಲದ ಇಂಥ ಅರ್ಥವೂ ಇರಬಹುದೆಂದು ನಾನು ತಿಳಿದಿರಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಗಳಿಗೆ ಹಿಂದಿನ ಬೆಂಚಿನ ಗೋಡೆ ಬದಿ ನೆನಪಿರಬಹುದು. ಪ್ರತಿವರ್ಷವೂ ಅಲ್ಲೊಬ್ಬನೋ ಒಬ್ಬಳೋ ಮುಂದಿನವರ ಬೆನ್ನಿನ ಮರೆಯಲ್ಲಿ ಕುಳಿತಿರುತ್ತಿದ್ದರು. ಎಬ್ಬಿಸಿ ನಿಲ್ಲಿಸಿ ಪ್ರಶ್ನೆ ಕೇಳಿದರೆ ಅವರಿಂದ ಉತ್ತರ ಹೊರಡದು. ಹಾಗೆಂದು ನೋಡದೆಯೇ ಬಿಟ್ಟರೆ ಜ್ವರವೋ ಹಸಿವೋ ಮನೆಯ ಕಷ್ಟವೋ ನಮಗೆ ತಿಳಿಯದು. ಅಂಥವರನ್ನು ನಾನು ನೋಟ್‌ಬುಕ್ಕಿನ ಮೂಲಕ ನೋಡುತ್ತಿದ್ದೆ. ಅಕ್ಷರ ಸೊರಗಿದ ವಾರ ಮಾತ್ರ, ಮಿಕ್ಕವರು ಹೋದ ಮೇಲೆ, ಹತ್ತಿರ ಕರೆಯುತ್ತಿದ್ದೆ. ಇದನ್ನೋದುತ್ತಿರುವವರಲ್ಲಿ ಒಂದಿಬ್ಬರು ಮುಗುಳ್ನಗುತ್ತಿರಬಹುದು.

ನೋಡದೆಯೇ ಬಿಡುವುದೂ ಸಲ್ಲದೆಂಬುದು ಜನವರಿಯಲ್ಲಿ ತಿಳಿಯಿತು. ಒಂದು ಶನಿವಾರ ತೂಕಕ್ಕೆಂದು ಎತ್ತಿದಾಗ, ಹಿಂದಿನ ವಾರ ಬಿಟ್ಟ ಪೊರೆಯ ಒಂದು ತುಣುಕು ಬಾಲದ ತುದಿಗೆ ಉಂಗುರದಂತೆ ಅಂಟಿಕೊಂಡಿದ್ದುದನ್ನು ಹುಡುಗನೇ ಕಂಡುಹಿಡಿದ. ಇಂಥ ಉಂಗುರ ಒಣಗಿ ಬಿಗಿಯುತ್ತ ಹೋದರೆ ರಕ್ತ ಸಂಚಾರ ನಿಂತು ಬಾಲದ ತುದಿಯೇ ಕೊಳೆತು ಹೋಗಬಹುದು. ಚಳಿಯೆಂದು ಮನೆಯಲ್ಲಿ ಹೀಟರ್ ಹಗಲಿರುಳೂ ಉರಿಯುತ್ತಿತ್ತು. ನೋಟ್‌ಬುಕ್ ತಿರುವಿದರೆ ತೇವಾಂಶ ಶೇಕಡಾ 60ರಿಂದ 40ಕ್ಕಿಂತ ಕೆಳಗಿಳಿದ ದಿನಗಳೆಲ್ಲ ಅವನದೇ ಕೈಬರಹದಲ್ಲಿದ್ದವು. ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿದ ಬಟ್ಟೆಯನ್ನು ಸುತ್ತಿ ಕೆಲಹೊತ್ತು ಹಿಡಿದೆವು. ಎಳೆಯದೆ ಮೆಲ್ಲನೆ ಉಜ್ಜಿದಾಗ ಉಂಗುರ ಜಾರಿ ಬಂತು. ಗೂಡಿನೊಳಗೆ ಒದ್ದೆ ಪಾಚಿ ಹಾಸಿದೆವು. ಆ ದಿನದ ತೂಕ 689 ಗ್ರಾಂ.

ಇಷ್ಟರಲ್ಲಿ ಇನ್ನೊಂದು ನಡೆದಿತ್ತು. ಹಗಲು ಗೂಡು ಎತ್ತುವುದು ನಿಂತ ಮೂರ್ನಾಲ್ಕು ವಾರಗಳ ಮೇಲೆ, ರಾತ್ರಿ ದೀಪವಾರಿಸಿದ ನಂತರ ಕೋಕೋ ತಾನಾಗಿ ಹೊರಗೆ ಬರತೊಡಗಿತು. ಅಜ್ಜ ಮೊಮ್ಮಗ ಇಬ್ಬರೂ ಪಕ್ಕದ ಕೋಣೆಯ ಮಂದ ಬೆಳಕಿನಲ್ಲಿ ನೆಲದ ಮೇಲೆ ಕುಳಿತು ಕಾಯುತ್ತಿದ್ದೆವು. ಮೊದಲು ಬಾಗಿಲಲ್ಲಿ ನಾಲಗೆಯಷ್ಟೇ ಕಾಣುವುದು. ಆಮೇಲೆ ಮೂತಿ. ಬಹಳ ಹೊತ್ತಿನ ಮೇಲೆ ಇಡೀ ಮೈ, ಅವಸರವಿಲ್ಲದೆ. ಹುಡುಗ ಉಸಿರು ಬಿಗಿಹಿಡಿದು ನನ್ನ ಮೊಣಕೈ ಒತ್ತುತ್ತಿದ್ದ.

ಅದು ಮತ್ತೆ ಉಂಡದ್ದು ನಾವು ಊರಿಗೆ ಮರಳಿದ ಮೇಲೆ, ಏಪ್ರಿಲ್‌ನಲ್ಲಿ. ತೂಕ 668ಕ್ಕೆ ಇಳಿದಿತ್ತು. ವೈದ್ಯೆ ಹೇಳಿದ ಗಡಿಯನ್ನು ದಾಟಿರಲಿಲ್ಲ. ಬಂಧುಗಳು ‘ಹಾವು ಎಷ್ಟು ಕಾಲ ಬದುಕುತ್ತದೆ’ ಎಂದು ಕೇಳುತ್ತಿರುತ್ತಾರೆ. ಚೆನ್ನಾಗಿ ನೋಡಿಕೊಂಡರೆ 20-30 ವರ್ಷ; ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 60 ದಾಟಿದ ಇದೇ ಜಾತಿಯ ಮುದುಕಿಯೊಂದು 2020ರಲ್ಲಿ ಮೊಟ್ಟೆಯಿಟ್ಟು ಸುದ್ದಿಯಾಗಿತ್ತು. ಹುಡುಗನಿಗೆ ಮದುವೆಯಾದ ಮೇಲೂ ಇದು ಇರಬಹುದೆಂದು ಮಗಳು ನಿಟ್ಟುಸಿರಿಡುತ್ತಾಳೆ. ಕೊಟ್ಟುಬಿಡುವ ಮಾತನ್ನು ಮಾತ್ರ ಆಡುವುದಿಲ್ಲ.

ಮೊನ್ನೆ ಫೋನಿನಲ್ಲಿ, “ಕೋಕೋ ಹೇಗಿದೆಯೋ, ಇವತ್ತು ನೋಡಿದೆಯಾ?” ಎಂದು ಕೇಳಿದೆ.

“ಇವತ್ತು ಬುಧವಾರ, ಅಜ್ಜ,” ಎಂದ.